ಸೊನ್ನೆ ಶಕ್ತಿಯ ಗುಮಾಸ್ತ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ನುಮಾಜಿರಿ ಹೊಸ ಗಿರಾಕಿಯ ಮುಂದೆ ನಡು ಬಗ್ಗಿಸಿ, ಎರಡೂ ಕೈಗಳಿಂದ, ಅಕ್ಷರಗಳು ಎದುರಿನವರಿಗೆ ನೇರ ಕಾಣುವಂತೆ ತಿರುಗಿಸಿ, ತನ್ನ ವಿಸಿಟಿಂಗ್ ಕಾರ್ಡ್ ಎಂದುಕೊಂಡು ಬೇರೆಯೇ ಒಂದು ಕಾರ್ಡನ್ನು ಕೊಟ್ಟ.

ಗಿರಾಕಿ ಒಸಾಕಾದ ಹೋಟೆಲ್ ಕಂಪನಿಯವರು. ಅವರೂ ನಡು ಬಗ್ಗಿಸಿ, ಎರಡೂ ಕೈಗಳಿಂದ ತೆಗೆದುಕೊಂಡು ಓದಿದರು. ಕನ್ನಡಕ ಹಾಕಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಮುದುಕನೊಬ್ಬನ ಚಿತ್ರ. ಅದರ ಕೆಳಗೆ: ‘ದಾಖಲೆ ಕೋಣೆಯ ಗುಮಾಸ್ತ. ಶಕ್ತಿ: ಸೊನ್ನೆ. ಕೈಯಲ್ಲಿರುವ ಕಾರ್ಡುಗಳನ್ನೆಲ್ಲ ಎಸೆದು ಹೊಸದಾಗಿ ಏಳು ಎಳೆದುಕೊಳ್ಳಿ.’

ಗಿರಾಕಿ ಒಮ್ಮೆ ಕಾರ್ಡನ್ನು, ಒಮ್ಮೆ ನುಮಾಜಿರಿಯ ಮುಖವನ್ನು ನೋಡಿದರು. ಹೋಲಿಕೆ ಸಾಕಷ್ಟಿತ್ತು. “ಭೇಟಿಯಾಗಿದ್ದು ಸಂತೋಷ” ಎಂದು ಹೇಳಿ, ರೂಢಿಯಂತೆ ಅದನ್ನು ಮೇಜಿನ ಮೇಲೆ ತಮ್ಮ ಮುಂದೆ ನೆಟ್ಟಗೆ ಇಟ್ಟುಕೊಂಡರು. ಒಂದೂವರೆ ಗಂಟೆ ನುಮಾಜಿರಿಯ ಕಂಪನಿ ಮಾರುವ ಬಚ್ಚಲುಮನೆಯ ಟೈಲ್ಸ್ ಬಗ್ಗೆ ಮಾತು ನಡೆಯಿತು. ಅಷ್ಟು ಹೊತ್ತೂ ಗುಮಾಸ್ತ ಚಹಾ ಲೋಟಗಳ ನಡುವೆ ಮಲಗಿ ಎಲ್ಲರನ್ನೂ ನೋಡುತ್ತಿದ್ದ. ಹೊರಡುವಾಗ ಗಿರಾಕಿ ಅವನನ್ನು ಜೋಪಾನವಾಗಿ ತಮ್ಮ ಕಾರ್ಡಿನ ಡಬ್ಬಿಯೊಳಗೆ ಸೇರಿಸಿಕೊಂಡರು. ಒಮ್ಮೆ ಕೊಟ್ಟ ಕಾರ್ಡನ್ನು ವಾಪಸ್ ಕೇಳುವ ಕ್ರಮ ಯಾರ ವಂಶದಲ್ಲೂ ಇರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್ ಇಸೊಗಾಯ್ ಎಲ್ಲವನ್ನೂ ನೋಡಿದ್ದರು.

“ಅದೇನಪ್ಪಾ ನುಮಾಜಿರಿ ಅದು?”

“ಆಟದ ಕಾರ್ಡ್ ಸಾರ್. ಶನಿವಾರ ಆಡ್ತೀನಿ. ಡಬ್ಬಿ ಅದಲುಬದಲಾಯ್ತು. ತಪ್ಪಾಯ್ತು ಸಾರ್.”

“ಶಕ್ತಿ ಸೊನ್ನೆ ಅಂತಿತ್ತು.”

“ಆದ್ರೂ ಪಂದ್ಯದಲ್ಲಿ ಎಲ್ಲಕ್ಕಿಂತ ಬಲವಾದ ಕಾರ್ಡ್ ಅದೇ ಸಾರ್. ಎಲ್ರೂ ಡ್ರ್ಯಾಗನ್ ಡ್ರ್ಯಾಗನ್ ಅಂತಾರೆ. ಆ ಡ್ರ್ಯಾಗನ್ ಕಟ್ಟಿನ ತಳದಲ್ಲಿ ಮಲಗಿದ್ರೆ ಏನು ಬಂತು? ಎಬ್ಬಿಸಿ ಕೈಗೆ ತಂದುಕೊಡೋನು ಇವನು. ಆಡೋರು ಹೆದರೋದು ಇವನಿಗೇ ಸಾರ್.”

ಹನ್ನೊಂದು ವರ್ಷದ ನೌಕರಿಯಲ್ಲಿ ನುಮಾಜಿರಿ ಮ್ಯಾನೇಜರ ಮುಂದೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಇಸೊಗಾಯ್ ಅವನನ್ನು ಬಹಳ ಹೊತ್ತು ನೋಡಿದರು.

“ನಾಳೆ ಇದೆಯಾ ಆಟ?”

“ಇದೆ ಸಾರ್. ಅಂಗಡಿ ಪಂದ್ಯ. ಗೆದ್ದೋರನ್ನ ನಗೋಯಾಗೆ ದೊಡ್ಡ ಪಂದ್ಯಕ್ಕೆ ಕಳಿಸ್ತಾರೆ.”

“ನಾನೂ ಬರ್ತೀನಿ. ಹೆಸರು ಕೊಡು” ಎಂದು ಹೇಳಿ ಅವರು ಎದ್ದುಹೋದರು.

ಮರುದಿನ ಬೆಳಿಗ್ಗೆ ಏಳಕ್ಕೇ ತೊಕುಮಿತ್ಸುವಿನ ಫೋನು. ತೊಕುಮಿತ್ಸು ಆಫೀಸಿನಲ್ಲಿ ನುಮಾಜಿರಿಯ ಎದುರು ಮೇಜಿನವನು, ಐವತ್ತಾರು ದಾಟಿದವನು, ಪರರ ಕಷ್ಟ ಎಲ್ಲಿದೆಯೋ ಅಲ್ಲಿಗೆ ಚಪ್ಪಲಿ ಹಾಕದೆ ಓಡುವವನು.

“ಮ್ಯಾನೇಜರ್ ಇವತ್ತು ನಿನ್ನ ಜೊತೆ ಇಸ್ಪೀಟ್ ಆಡ್ತಾರಂತೆ, ನಿಜಾನಾ?”

“ಇಸ್ಪೀಟ್ ಅಲ್ಲ...”

“ಯಾವುದಾದ್ರೂ ಆಗ್ಲಿ. ವರ್ಗಾವಣೆ ಪಟ್ಟಿ ಸೋಮವಾರ ಹೊರಡುತ್ತೆ, ಗೊತ್ತಿದೆ ತಾನೆ? ತಡಿ, ಹಿಬಿನೊ ಇಲ್ಲೇ ಇದ್ದಾರೆ, ಕೊಡ್ತೀನಿ.”

ಹಿಬಿನೊ ಸಿಬ್ಬಂದಿ ವಿಭಾಗದ ಹೆಂಗಸು. ಶನಿವಾರ ಬೆಳಿಗ್ಗೆ ಏಳಕ್ಕೆ ಆಕೆ ತೊಕುಮಿತ್ಸುವಿನ ಬಳಿ ಇದ್ದುದಕ್ಕೆ ಕಾರಣ ಇಷ್ಟೇ: ಇಬ್ಬರದೂ ಒಂದೇ ಬೀದಿ, ಕಸ ಹೊರಗಿಡುವ ಹೊತ್ತೂ ಒಂದೇ.

“ನುಮಾಜಿರಿಯವರೇ, ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ. ಕುಶಿರೋ ಗೋದಾಮಿಗೆ ಒಬ್ರು ಬೇಕು. ಮೂರು ವರ್ಷಕ್ಕೆ. ನಿಮ್ ಹೆಸರೇ ಓಡಾಡ್ತಿದೆ. ನೀವು ಮನೆ ಕಟ್ಟಿಸಿ ಎರಡು ವರ್ಷ ಆಯ್ತಲ್ವಾ?”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಸಂಬಂಧ ಇಲ್ಲ. ಆದ್ರೆ ಮನೆ ಕಟ್ಟಿಸಿದೋರನ್ನೇ ಕಳಿಸ್ತಾರೆ, ಯಾವಾಗ್ಲೂ. ಸಾಲ ಇರುತ್ತೆ, ಅವ್ರು ಕೆಲಸ ಬಿಟ್ಟು ಹೋಗಲ್ವಲ್ಲ.”

ಕುಶಿರೋ ಉತ್ತರದ ತುದಿಯಲ್ಲಿತ್ತು. ಬೇಸಿಗೆಯಲ್ಲಿ ಮಂಜು, ಚಳಿಗಾಲದಲ್ಲಿ ಸಮುದ್ರದ ಮೇಲೇ ಐಸು. ನುಮಾಜಿರಿ ಅಡುಗೆಮನೆಯ ಕಡೆ ನೋಡಿದ. ಹೆಂಡತಿ ಸುಮಿಯೆ ಮೀನು ಸುಡುತ್ತಿದ್ದಳು. ಮಗಳು ಏಪ್ರಿಲ್‌ನಲ್ಲಿ ಹೊಸ ಶಾಲೆಗೆ ಸೇರುವವಳಿದ್ದಳು, ಸಮವಸ್ತ್ರ ಆಗಲೇ ಗೂಟದಲ್ಲಿ ತೂಗುತ್ತಿತ್ತು. ಇವರನ್ನು ಬಿಟ್ಟು ಒಬ್ಬನೇ ಹೋಗಬೇಕು. ಮೂರು ವರ್ಷ ಒಂದು ಕೋಣೆ, ಒಂದು ಅನ್ನದ ಕುಕ್ಕರು.

ಫೋನು ಮತ್ತೆ ತೊಕುಮಿತ್ಸುವಿನ ಕೈಗೆ ಹೋಯಿತು. “ಕೇಳಿದ್ಯಾ? ಹಾಗಾಗಿ ಇವತ್ತು ನೀನು ಸೋಲ್ಬೇಕು. ಬೇರೆ ಯಾರಿಗೋ ಸೋತ್ರೆ ಪ್ರಯೋಜನ ಇಲ್ಲ, ಮ್ಯಾನೇಜರಿಗೇ ಸೋಲ್ಬೇಕು. ಬೇಕಂತ ಸೋತೆ ಅಂತ ಅವರಿಗೆ ಗೊತ್ತಾಗಬಾರದು.”

“ಗೊತ್ತಾದ್ರೆ?”

“ಕುಶಿರೋಗಿಂತ ಉತ್ತರಕ್ಕೆ ಕಂಪನಿಗೆ ಏನೂ ಇಲ್ಲ. ಆದ್ರೆ ನಿಂಗೋಸ್ಕರ ಹೊಸದೊಂದು ಗೋದಾಮು ತೆಗೆದಾರು.”

ಅವರ ಊರು ತಾಜಿಮಿಯ ಹಳೇ ಪೇಟೆಬೀದಿಯಲ್ಲಿ, ಕ್ಷೌರದಂಗಡಿಯ ಪಕ್ಕ, ಮಾಕಿನೋ ಅಜ್ಜಿಯ ಕಾರ್ಡಿನ ಅಂಗಡಿ. ಗಂಡ ಇದ್ದಾಗ ಅದು ನೋಟುಪುಸ್ತಕದ ಅಂಗಡಿಯಾಗಿತ್ತು. ನೋಟುಪುಸ್ತಕ ಕೊಳ್ಳುವವರು ಮುಗಿದ ಮೇಲೆ ಅಜ್ಜಿ ಎಪ್ಪತ್ತನೇ ವಯಸ್ಸಿನಲ್ಲಿ ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ತೀರ್ಪುಗಾರ್ತಿಯಾಗಿದ್ದಳು. ಕುತ್ತಿಗೆಗೆ ಸೀಟಿ, ಕೈಯಲ್ಲಿ ಅಳತೆಪಟ್ಟಿ. ಮಹಡಿಯ ಮೇಲೆ ನಾಲ್ಕು ಮೇಜು.

“ಬೇಕಂತ ಸೋಲೋದು, ಒಳಒಪ್ಪಂದ, ಪಿಸುಮಾತಲ್ಲಿ ಹೇಳಿಕೊಡೋದು, ಇವು ಮೂರೂ ನನ್ನ ಮಹಡೀಲಿ ನಡೆಯಲ್ಲ” ಎಂದು ಆಕೆ ಆಟಕ್ಕೆ ಮುಂಚೆ ಸಾರಿದಳು. “ಕಂಡ್ರೆ ಇಬ್ಬರನ್ನೂ ಹೊರಗೆ ಹಾಕ್ತೀನಿ. ವರ್ಷಪೂರ್ತಿ. ಕೆಳಗೆ ಒಂದು ಪ್ಯಾಕೆಟ್ಟೂ ಮಾರಲ್ಲ.”

ಮ್ಯಾನೇಜರ್ ಇಸೊಗಾಯ್ ಗಾಲ್ಫ್ ಟೋಪಿ ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ಹೊಸಬರಿಗೆಂದು ಮಾರುವ ಡಬ್ಬಿ, ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅವರ ಹಿಂದೆ ತೊಕುಮಿತ್ಸು ಮತ್ತು ಹಿಬಿನೊ, ಶಾಲೆಯ ಕ್ರೀಡಾದಿನಕ್ಕೆ ಬಂದ ಹೆತ್ತವರ ಹಾಗೆ ಬುತ್ತಿ ಕಟ್ಟಿಕೊಂಡು.

“ದಯವಿಟ್ಟು ನಮ್ಮನ್ನ ಗಮನಿಸಬೇಡಿ” ಎಂದು ತೊಕುಮಿತ್ಸು ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳಿ, ಎಲ್ಲರೂ ಗಮನಿಸುವಂತೆ ಮಾಡಿದ.

ಪಂದ್ಯಕ್ಕೆ ಎಂಟು ಜನ, ಮೂರು ಸುತ್ತು. ಒಬ್ಬನಿಗೆ ಜ್ವರ ಬಂದಿತ್ತು, ಆ ಖಾಲಿ ಕುರ್ಚಿಯ ಎದುರು ಕೂರುವ ಚೀಟಿ ಇಸೊಗಾಯ್‌ಗೆ ಬಂತು. ಅವರು ಸುಮ್ಮನೆ ಕೂತು ಒಂದು ಸುತ್ತು ಗೆದ್ದರು. ಎರಡನೇ ಸುತ್ತಿನಲ್ಲಿ ಅವರಿಗೆ ಸಿಕ್ಕ ಹೈಸ್ಕೂಲು ಹುಡುಗಿ ಗಡಿಯಾರ ನೋಡಿ, “ಕ್ಷಮಿಸಿ, ನಂಗೆ ಟ್ಯೂಷನ್ ಇದೆ, ಅಮ್ಮ ಕೆಳಗೆ ಕಾರಲ್ಲಿದ್ದಾರೆ” ಎಂದು ಹೊರಟುಹೋದಳು. ಹೀಗೆ ಮ್ಯಾನೇಜರ್ ಒಂದೂ ಕಾರ್ಡು ಆಡದೆ ಅಂತಿಮ ಸುತ್ತಿಗೆ ಬಂದರು.

ನುಮಾಜಿರಿ ಆಡಿಯೇ ಬರಬೇಕಾಯಿತು. ನಾಲ್ವರು ಗುಮಾಸ್ತರಲ್ಲಿ ಒಬ್ಬ ಒಸಾಕಾಗೆ ಹೋಗಿದ್ದ. ಉಳಿದ ಮೂವರೇ ನಾಲ್ವರ ಕೆಲಸ ಮಾಡಿದರು. ಮೊದಲು ಬಂದ ಕಾಲೇಜು ಹುಡುಗ ಬಂಗಾರದ ಅಂಚಿನ ಮೂರು ಡ್ರ್ಯಾಗನ್ ಇಟ್ಟುಕೊಂಡು ಕಾಲು ಗಂಟೆಯಲ್ಲಿ ಸೋತ. ಆಮೇಲೆ ದಂತವೈದ್ಯರ ಬಳಿ ಕೆಲಸ ಮಾಡುವ ಹೆಂಗಸು. ಗುಮಾಸ್ತ ಮೇಜಿಗೆ ಬಂದ ಕೂಡಲೇ ಆಕೆ, “ಅಯ್ಯೋ, ಬಂದನಾ ಈ ಶನಿ” ಎಂದಳು, ಮತ್ತು ಅವಳ ಭಯ ನಿಜವಾಯಿತು. ಎದ್ದು ಹೋಗುವಾಗ, “ನಗೋಯಾಗೆ ಹೋಗಿ ಬನ್ನಿ. ಆ ಹೊಸಬ್ರು ಕಾರ್ಡ್ ಹಿಡ್ಕೊಳ್ಳೋದೇ ಉಲ್ಟಾ” ಎಂದು ಹಾರೈಸಿದಳು.

ನುಮಾಜಿರಿ ಒಂಬತ್ತು ವರ್ಷದಿಂದ ಆಡುತ್ತಿದ್ದ. ನಗೋಯಾಗೆ ಒಮ್ಮೆಯೂ ಹೋಗಿರಲಿಲ್ಲ. ಆ ವಿಷಯವನ್ನು ಅವನು ಈಗ ಯೋಚಿಸಲಿಲ್ಲ.

ತೊಕುಮಿತ್ಸು ಅವನನ್ನು ಕೈತೊಳೆಯುವ ಕೋಣೆಗೆ ಎಳೆದೊಯ್ದ. “ನೋಡಪ್ಪಾ, ಹತ್ತೊಂಬತ್ತು ವರ್ಷ, ಮೂರು ಮ್ಯಾನೇಜರ್, ಗಾಲ್ಫ್‌ನಲ್ಲಿ ಎಲ್ರಿಗೂ ಸೋತಿದ್ದೀನಿ. ಯಾರಿಗೂ ಗೊತ್ತಾಗಿಲ್ಲ. ಸೋಲೋದು ಸುಲಭ ಅಂದ್ಕೊಂಡ್ಯಾ? ಮೊದ್ಲು ಒಂದು ಚೂರು ಮುಂದೆ ಹೋಗ್ಬೇಕು. ಕೊನೇಲಿ ಒಂದು ಕೂದಲಿನಷ್ಟರಲ್ಲಿ ತಪ್ಪಬೇಕು. ಆಮೇಲೆ ‘ಅಯ್ಯೋ’ ಅನ್ಬೇಕು.”

“ಯಾವಾಗ?”

“ಸ್ವಲ್ಪ ತಡವಾಗಿ. ಬೇಗ ಅಂದ್ರೆ ಸಿಕ್ಕಿಬೀಳ್ತೀಯಾ.”

ಅಂತಿಮ ಸುತ್ತು ಶುರುವಾಯಿತು. ಇಬ್ಬರ ಮುಂದೂ ಆರಾರು ಕೆಂಪು ಗಾಜಿನ ಗುಂಡು, ಅವೇ ದೀಪಗಳು. ಎದುರಿನವರ ಆರೂ ದೀಪ ಆರಿಸಿದರೆ ಗೆಲುವು. ಅಥವಾ ಕಾರ್ಡು ಎಳೆಯಬೇಕಾದಾಗ ಯಾರ ಕಟ್ಟಿನಲ್ಲಿ ಸಾಕಷ್ಟು ಕಾರ್ಡು ಇಲ್ಲವೋ ಅವರಿಗೆ ಸೋಲು. ನಲವತ್ತು ಕಾರ್ಡು, ನಲವತ್ತು ನಿಮಿಷ.

ಇಸೊಗಾಯ್ ಒಂದು ಡ್ರ್ಯಾಗನ್ ಇಟ್ಟರು. ದಾಳಿ ಮಾಡಲಿಲ್ಲ. ನುಮಾಜಿರಿ ಇರುವುದರಲ್ಲೇ ಬಡಕಲಾದ ಒಂದು ನಾಯಿಮರಿಯನ್ನು ಇಟ್ಟ. ಅವನೂ ದಾಳಿ ಮಾಡಲಿಲ್ಲ.

“ನೀನು ಹೊಡಿಯಪ್ಪಾ” ಎಂದರು ಇಸೊಗಾಯ್.

“ಇಲ್ಲ ಸಾರ್, ನೀವು ಮೊದ್ಲು.”

“ನಂಗೇನು ಗೊತ್ತಾಗುತ್ತೆ, ನೀನೇ ಹೊಡಿ.”

“ನೀವಿರುವಾಗ ನಾನು ಹೇಗೆ ಸಾರ್...”

ಲಿಫ್ಟಿನ ಬಾಗಿಲಲ್ಲಿ ನಿಂತ ಇಬ್ಬರು ಮರ್ಯಾದಸ್ತರ ಹಾಗೆ ಐದು ಸರದಿ ಕಳೆಯಿತು. ಹೊಸಬರು ಭಯಪಡುತ್ತಿದ್ದಾರೆ ಎಂದುಕೊಂಡ ನುಮಾಜಿರಿ. ಹೊಡೆಯದವರ ಕೈಲಿ ಸೋಲುವುದು ಹೇಗೆಂದು ತೊಕುಮಿತ್ಸು ಹೇಳಿಕೊಟ್ಟಿರಲಿಲ್ಲ.

ಮಾಕಿನೋ ಅಜ್ಜಿ ಅಳತೆಪಟ್ಟಿಯಿಂದ ಮೇಜು ಕುಟ್ಟಿದಳು. “ಏನ್ರಪ್ಪಾ ಇದು, ಹೆಣ್ಣು ನೋಡೋಕೆ ಬಂದಿದ್ದೀರಾ? ಹೊತ್ತು ಮುಗಿದ್ರೆ ಇಬ್ರೂ ಔಟು. ಮುಂದಿನ ಸರದೀಲಿ ಯಾರಾದ್ರೂ ಯಾರಿಗಾದ್ರೂ ಹೊಡೀಬೇಕು!”

ಮುಂದಿನ ಸರದಿ ನುಮಾಜಿರಿಯದು. ಅವನು ನಾಯಿಮರಿಯ ದಾಳಿಯನ್ನೇ ಆರಿಸಿಕೊಂಡ. ನಾಣ್ಯ ಚಿಮ್ಮಬೇಕು. ಹೂವು ಬಿದ್ದರೆ ಎದುರಿನವರ ಒಂದು ದೀಪ ಆರುತ್ತದೆ, ಮತ್ತೆ ಚಿಮ್ಮಬೇಕು. ಅಂಕಿ ಬಿದ್ದರೆ ಅಲ್ಲಿಗೆ ಮುಗಿಯಿತು. ಒಂದು ದೀಪ ಆರಿದರೆ ಒಂದು ಚೂರು ಮುಂದೆ ಹೋದ ಹಾಗೂ ಆಗುತ್ತದೆ. ಅವನು ಜೇಬಿನಿಂದ ನೂರು ಯೆನ್ ನಾಣ್ಯ ತೆಗೆದು ಚಿಮ್ಮಿದ.

ಹೂವು. ಸರಿ.

ಹೂವು. ಹಿಬಿನೊ ಕೆಮ್ಮಿದಳು.

ಹೂವು. ನುಮಾಜಿರಿ ನಾಣ್ಯವನ್ನು ತಿರುಗಿಸಿ ನೋಡಿದ. ಇನ್ನೊಂದು ಕಡೆ ಅಂಕಿ ಇದ್ದೇ ಇತ್ತು.

ಹೂವು. ತೊಕುಮಿತ್ಸು ಬುತ್ತಿಯ ಮುಚ್ಚಳ ಮುಚ್ಚಿದ.

ಐದನೆಯದನ್ನು ನುಮಾಜಿರಿ ಕಣ್ಣುಮುಚ್ಚಿ ಚಿಮ್ಮಿದ. ನಾಣ್ಯ ಉರುಳಿ ಹೋಗಿ ಮ್ಯಾನೇಜರ್ ಮೇಜಿನ ಮೇಲೆ ತೆಗೆದಿಟ್ಟಿದ್ದ ಟೋಪಿಗೆ ತಾಗಿ, ಬೇಕೆಂದೇ ಮಾಡಿದ ಹಾಗೆ ಹೂವಾಗಿ ಬಿತ್ತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಆರನೆಯ ಸಲ, ಕಡೆಗೂ, ಅಂಕಿ.

ಮ್ಯಾನೇಜರ ಮುಂದೆ ಒಂದೇ ಒಂದು ದೀಪ ಉಳಿದಿತ್ತು. ಅವರು ಕರ್ಚೀಫು ತೆಗೆದು ಹಣೆ ಒರೆಸಿಕೊಂಡು, “ಭಲೇ ನುಮಾಜಿರಿ” ಎಂದರು. ಅವರ ಮುಖ ಅರಳಿತ್ತು. ಹದಿನೈದು ಜನರ ಎದುರು ಇಷ್ಟು ಚೆನ್ನಾಗಿ ಸಿಟ್ಟನ್ನು ಅದುಮಿಡಬಲ್ಲವರೇ ಮ್ಯಾನೇಜರ್ ಆಗುತ್ತಾರೆ ಎಂದುಕೊಂಡು ನುಮಾಜಿರಿ ಇನ್ನಷ್ಟು ಹೆದರಿದ.

ಇಸೊಗಾಯ್ ಈಗ ಡ್ರ್ಯಾಗನ್‌ನ ಅಡಿಯಲ್ಲಿ ಒಂದು ಕೆಂಡದ ಕಾರ್ಡು ಸೇರಿಸಿದರು. “ಇಂಥ ಮೂರು ಸೇರಿದ್ರೆ ಇದು ಹೊಡಿಯುತ್ತೆ ಅಲ್ವಾ ಅಜ್ಜೀ?”

“ಓದೋಕೆ ಬರಲ್ವಾ? ಕಾರ್ಡಿನ ಮೇಲೆ ಬರೆದಿದೆ.”

ಬರೆದಿತ್ತು. ನುಮಾಜಿರಿ ತಲೆಕೆಳಗಾಗಿ ಓದಿದ. ‘ಎದುರಾಳಿಯ ಮೂರು ದೀಪ ಆರುತ್ತವೆ. ತನ್ನದೂ ಒಂದು ದೀಪ ಆರುತ್ತದೆ.’ ತನ್ನದೂ ಒಂದು! ಮ್ಯಾನೇಜರಿಗೆ ಉಳಿದಿರುವುದೇ ಒಂದು. ಮೂರನೇ ಕೆಂಡ ಬಿದ್ದ ಸರದಿಯಲ್ಲೇ ಅವರು ತಮ್ಮ ಡ್ರ್ಯಾಗನ್‌ನಿಂದ ತಾವೇ ಸುಟ್ಟುಹೋಗುತ್ತಾರೆ. ಗೆದ್ದ ಪಾಪ ನುಮಾಜಿರಿಯ ತಲೆಗೆ ಬರುತ್ತದೆ.

“ಸಾರ್, ಆ ಡ್ರ್ಯಾಗನ್ ಇದ್ಯಲ್ಲ, ಅದು ಸ್ವಲ್ಪ...”

ಅಜ್ಜಿ ಸೀಟಿ ಊದಿದಳು. “ಹೇಳಿಕೊಡೋ ಹಾಗಿಲ್ಲ!”

ಎರಡು ಸರದಿ ಬಾಕಿ. ಮ್ಯಾನೇಜರು ಸಾಯುವ ಮೊದಲು ತಾನು ಸಾಯಬೇಕು. ಕಟ್ಟಿನಲ್ಲಿ ಇನ್ನೂ ಇಪ್ಪತ್ತಾರು ಕಾರ್ಡಿದ್ದವು. ನುಮಾಜಿರಿ ಕೈ ನೋಡಿಕೊಂಡ. ಗುಮಾಸ್ತ ಇದ್ದ. ಪಂದ್ಯದ ಅತಿ ಬಲವಾದ ಕಾರ್ಡನ್ನು ಮೇಜಿಗಿಟ್ಟು, ಕೈಯಲ್ಲಿದ್ದ ಒಳ್ಳೊಳ್ಳೆಯ ಕಾರ್ಡುಗಳನ್ನೆಲ್ಲ ಎಸೆದು, ಏಳು ಎಳೆದುಕೊಂಡ. ನೋಡುವವರು ತಲೆಯಾಡಿಸಿದರು. ಭಾರಿ ಏನೋ ಹೂಡುತ್ತಿದ್ದಾನೆ.

ಇಸೊಗಾಯ್ ಎರಡನೇ ಕೆಂಡ ಸೇರಿಸಿದರು.

ನುಮಾಜಿರಿ ತನ್ನ ಸರದಿಯ ಒಂದು ಕಾರ್ಡು ಎಳೆದು, ಎರಡನೇ ಗುಮಾಸ್ತನನ್ನು ಇಟ್ಟ. ಏಳು. ಅದರಲ್ಲೇ ಮೂರನೆಯವನು ಸಿಕ್ಕ. ಎಲ್ಲ ಎಸೆದು ಮತ್ತೆ ಏಳು.

“ಅಷ್ಟೊಂದು ಯಾಕಪ್ಪಾ ಎಳೀತೀಯಾ?” ಇಸೊಗಾಯ್‌ರ ದನಿಯಲ್ಲಿ ಕಳವಳವಿತ್ತು. “ಸಾಕು ಮಾಡು. ಆ ನಾಯಿಮರೀನೇ ಚೆನ್ನಾಗಿತ್ತು. ಇನ್ನೊಂದು ಸಲ ಚಿಮ್ಮಬಾರ್ದಾ?”

“ಇಲ್ಲ ಸಾರ್, ಇನ್ನೂ ಒಳ್ಳೇದು ಬೇಕು.”

ಕಟ್ಟಿನಲ್ಲಿ ನಾಲ್ಕೇ ಕಾರ್ಡು ಉಳಿದಿದ್ದವು. ಗುಮಾಸ್ತರು ಮುಗಿದಿದ್ದರು. ಆದರೆ ಅವನ ಕೈಗೆ ‘ಓವರ್‌ಟೈಮ್’ ಎಂಬ ಕಾರ್ಡು ಬಂದಿತ್ತು. ಎಸೆದ ರಾಶಿಯಿಂದ ಒಬ್ಬನನ್ನು ಮತ್ತೆ ಕೆಲಸಕ್ಕೆ ಕರೆಯಬಹುದು. ನುಮಾಜಿರಿ ಗುಮಾಸ್ತನನ್ನು ವಾಪಸ್ ಕರೆದ. ಮನೆಗೆ ಹೊರಟವನನ್ನು ಬಾಗಿಲಲ್ಲಿ ತಡೆದ ಹಾಗಾಯಿತು, ಅವನಿಗೇ ಪಾಪ ಅನ್ನಿಸಿತು. ಮೇಜಿಗಿಟ್ಟ. ಏಳು ಎಳೆಯಬೇಕು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಹೋದ ಬೆರಳು ಬರೀ ಮೇಜನ್ನು ಕೆರೆಯಿತು.

ನುಮಾಜಿರಿ ಮನಸ್ಸಿನಲ್ಲೇ ಮೂರು ಎಣಿಸಿದ.

“ಅಯ್ಯೋ” ಎಂದ.

ಮಾಕಿನೋ ಅಜ್ಜಿ ಕನ್ನಡಕದ ಮೇಲಿಂದ ಅವನನ್ನು ಸುಮಾರು ಹೊತ್ತು ನೋಡಿದಳು. ಕಡೆಗೆ ಆಕೆ ಎಲ್ಲರ ಕಡೆ ತಿರುಗಿ, “ನೋಡ್ಕೊಂಡ್ರಾ? ಬಲವಾದ ಕಾರ್ಡು ಕೈಲಿದ್ರೆ ಸಾಲ್ದು, ಎಣಿಸೋಕೂ ಬರ್ಬೇಕು. ಒಂದೇ ದೀಪ ಉಳಿದಿರೋರ ಹತ್ರ ಸೋಲೋದು ಅಂದ್ರೇನು! ಒಂಬತ್ತು ವರ್ಷ ಹೇಳಿಕೊಟ್ಟಿದ್ದು ನೀರಲ್ಲಿ ಹೋಯ್ತು. ಗೆದ್ದೋರು ಹೊಸಬ್ರು, ಇಸೊಗಾಯ್” ಎಂದಳು. ನಗೋಯಾದ ಪ್ರವೇಶಚೀಟಿಯ ಮೇಲೆ ಕುಂಚದಿಂದ ದೊಡ್ಡದಾಗಿ ಅವರ ಹೆಸರು ಬರೆದಳು.

ಕಾಲೇಜು ಹುಡುಗ ನಗು ತಡೆಯಲಾರದೆ ಮೆಟ್ಟಿಲ ಕಡೆ ಓಡಿದ. ದಂತವೈದ್ಯರ ಬಳಿಯ ಹೆಂಗಸು ಮಾತ್ರ ನುಮಾಜಿರಿಯ ಭುಜ ತಟ್ಟಿ, “ಮನೇಲಿ ಎಲ್ಲ ಆರಾಮಾ?” ಎಂದು ವಿಚಾರಿಸಿದಳು. ಗೋಡೆಯ ಬಳಿ ತೊಕುಮಿತ್ಸು ಯಾರಿಗೂ ಕಾಣದ ಹಾಗೆ ಮುಷ್ಟಿ ಬಿಗಿದು ಎತ್ತಿದ. ಹಿಬಿನೊಳ ಕಣ್ಣಲ್ಲಿ ನೀರಿತ್ತು.

ಇಸೊಗಾಯ್ ಎದ್ದು ನಿಂತರು. ಅವರ ಮುಖ ಕಡೆಯ ಬಸ್ಸು ತಪ್ಪಿಸಿಕೊಂಡವರ ಮುಖದಂತಿತ್ತು. ಸಂತೋಷ ಹೆಚ್ಚಾದರೆ ಕೆಲವರಿಗೆ ಹಾಗೇ ಆಗುತ್ತದೆ ಎಂದುಕೊಂಡ ನುಮಾಜಿರಿ.

“ಸ್ವಲ್ಪ ಹೊರಗೆ ಬಾ” ಎಂದರು ಅವರು.

ಕ್ಷೌರದಂಗಡಿಯ ಮುಂದಿನ ಯಂತ್ರದಿಂದ ಇಸೊಗಾಯ್ ಎರಡು ಡಬ್ಬಿ ಬಿಸಿ ಕಾಫಿ ತೆಗೆದು ಒಂದನ್ನು ಅವನಿಗೆ ಕೊಟ್ಟರು. ಫೆಬ್ರವರಿಯ ಗಾಳಿ ಬೀದಿಯುದ್ದಕ್ಕೂ ಬೀಸುತ್ತಿತ್ತು. ನುಮಾಜಿರಿಗೆ ಹಗುರಾಗಿತ್ತು. ಮಗಳ ಸಮವಸ್ತ್ರ ಕಣ್ಣ ಮುಂದೆ ಬಂತು. ಏಪ್ರಿಲ್‌ನಲ್ಲಿ ಶಾಲೆಯ ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು.

“ಅಭಿನಂದನೆಗಳು ಸಾರ್” ಎಂದ.

“ಸುಮ್ನಿರಪ್ಪಾ” ಎಂದು ಇಸೊಗಾಯ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ನಿನ್ನನ್ನ ಗೆಲ್ಲಿಸ್ಬೇಕು ಅಂತ ಬಂದಿದ್ದೆ ನಾನು.”

ನುಮಾಜಿರಿಗೆ ಅರ್ಥವಾಗಲಿಲ್ಲ.

“ವರ್ಗಾವಣೆ ಪಟ್ಟಿ ಸೋಮವಾರ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ಬುಧವಾರಾನೇ ಹೋಯ್ತು. ಕುಶಿರೋ, ಮೂರು ವರ್ಷ. ಸಹಿ ಹಾಕಿದ್ದು ನಾನೇ. ಮೂರು ದಿನದಿಂದ ನಿನ್ನ ಮುಖ ನೋಡಿ ಹೇಳೋಕೆ ಆಗ್ತಿರ್ಲಿಲ್ಲ. ನಿನ್ನೆ ನೀನು ಆ ಕಾರ್ಡಿನ ಬಗ್ಗೆ ಅಷ್ಟು ಮಾತಾಡಿದ್ಯಲ್ಲ, ಆಗ ಅನ್ನಿಸ್ತು, ಇವನು ಎಲ್ರೆದುರು ನನ್ನನ್ನ ಸೋಲಿಸ್ಲಿ, ಖುಷಿಯಾಗಿರ್ಲಿ, ಆಮೇಲೆ ಹೇಳೋಣ ಅಂತ. ನನ್ನ ತಂಗಿ ಮಗಳಿಗೆ ಈ ಆಟ ಬರುತ್ತೆ. ನಿನ್ನೆ ಸಂಜೆ ಕೂತು ಸೋಲೋದು ಹೇಗೆ ಅಂತ ಕಲ್ತೆ. ಆ ಡ್ರ್ಯಾಗನ್ ಅವಳೇ ಹುಡುಕಿಕೊಟ್ಟಿದ್ದು, ‘ಮಾವ, ಒಂದೇ ದೀಪ ಉಳಿದಾಗ ಇದಕ್ಕೆ ಮೂರು ಕೆಂಡ ಇಟ್ರೆ ನೀನೇ ಸುಟ್ಟುಹೋಗ್ತೀಯಾ’ ಅಂತ. ಇನ್ನೊಂದೇ ಒಂದು ಸರದಿ ಸಿಕ್ಕಿದ್ರೆ!”

ನುಮಾಜಿರಿ ಬಾಯಿ ತೆರೆದ. ನಾನೂ ಸೋಲಲೆಂದೇ ಆಡಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೆಟ್ಟಿಲ ಬುಡದಲ್ಲಿ ಮಾಕಿನೋ ಅಜ್ಜಿ ಪೊರಕೆ ಹಿಡಿದು ನಿಂತಿದ್ದಳು, ಅವಳ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅವನು ಬಾಯಿ ಮುಚ್ಚಿದ.

“ಪಟ್ಟಿ ಬದಲಾಯಿಸೋಕೆ...?”

“ಮುಖ್ಯ ಕಚೇರಿ ಮೊಹರು ಬಿದ್ದಾಯ್ತು.” ಇಸೊಗಾಯ್ ನಿಟ್ಟುಸಿರು ಬಿಟ್ಟರು. “ಈ ನಗೋಯಾ ಚೀಟಿಯನ್ನಾದ್ರೂ ನಿಂಗೆ ಕೊಡೋಣ ಅಂತ ಅಜ್ಜಿನ ಕೇಳ್ದೆ. ಹೆಸರು ಬರೆದಾಯ್ತು, ಬೇರೆಯೋರು ಹೋಗೋ ಹಾಗಿಲ್ಲ ಅಂದ್ರು. ನಾನು ಹೋಗದೇ ಇದ್ರೆ ಊರಿಗೇ ಅವಮಾನ ಅಂತೆ. ಏಪ್ರಿಲ್ ಐದಕ್ಕೆ. ಗೆಲ್ಲೋದು ಹೇಗೆ ಅಂತ ನಂಗೆ ಒಂದು ಅಕ್ಷರ ಗೊತ್ತಿಲ್ಲ.”

“ನಾನು ಹೇಳಿಕೊಡ್ತೀನಿ ಸಾರ್” ಎಂದ ನುಮಾಜಿರಿ. ಅವನಿಗೆ ಬೇರೇನೂ ತೋಚಲಿಲ್ಲ.

ಇಸೊಗಾಯ್ ಅವನ ಮುಖ ನೋಡಿದರು. ಬೇಸರವಾಗದಂತೆ ಹೇಳುವುದು ಹೇಗೆಂದು ಯೋಚಿಸಿದ ಹಾಗಿತ್ತು.

“ನೀನು ಬೇಡಪ್ಪಾ” ಎಂದರು ಮೃದುವಾಗಿ. “ಇವತ್ತು ನೋಡಿದ್ನಲ್ಲ. ಕಾರ್ಡುಗಳನ್ನ ಮಾತ್ರ ಕೊಟ್ಟು ಹೋಗು.”